ಡೀಸೆಲ್ ಪಂಪ್ ಟೈಮಿಂಗ್: ಕೋಲಾರ ಸೀಮೆಯ ಹಳೆಯ ವಾಹನಗಳು

ಡೀಸೆಲ್ ಎಂಜಿನ್ನಿನ ಸಿಲಿಂಡರಿಗೆ ಇಂಧನ ಯಾವ ಕ್ಷಣದಲ್ಲಿ ಬೀಳಬೇಕೆಂಬುದನ್ನು ಪಂಪನ್ನು ಕೂರಿಸುವ ಕೋನದಿಂದ ಗೊತ್ತುಮಾಡುವ ಕೆಲಸಕ್ಕೆ ಗ್ಯಾರೇಜಿನಲ್ಲಿ ‘ಪಂಪ್ ಟೈಮಿಂಗ್ ಇಡುವುದು’ ಎನ್ನುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರುತ್ತ ಗಾಳಿಯನ್ನು ಒತ್ತಿ ಕಾಯಿಸುತ್ತದೆ, ಆ ಕಾವಿಗೆ ಇಂಧನ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಂಧನ ಬಿದ್ದ ಕೂಡಲೇ ಬೆಂಕಿ ಏಳುವುದಿಲ್ಲ. ಹನಿಗಳು ಒಡೆದು, ಆವಿಯಾಗಿ, ಗಾಳಿಯೊಡನೆ ಬೆರೆಯಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು. ಅದಕ್ಕಾಗಿಯೇ ಪಿಸ್ಟನ್ ತುದಿ ಮುಟ್ಟುವ ಮೊದಲೇ ಪಂಪು ಒತ್ತಲು ತೊಡಗಬೇಕಾಗುತ್ತದೆ. ಎಷ್ಟು ಮೊದಲು ಎಂಬುದನ್ನು ಕ್ರ್ಯಾಂಕಿನ ಡಿಗ್ರಿಯಲ್ಲಿ ಹೇಳುವುದು ರೂಢಿ. ನಿಮಿಷಕ್ಕೆ 1500 ಸುತ್ತು ತಿರುಗುವ ಕಿರ್ಲೋಸ್ಕರ್ ಟಿವಿ1 ಎಂಬ ಒಂಟಿ ಸಿಲಿಂಡರಿನ ಎಂಜಿನ್ನಿಗೆ ಕಂಪನಿ ಕೊಟ್ಟಿರುವ ಲೆಕ್ಕ 23 ಡಿಗ್ರಿ. ಆ ವೇಗದಲ್ಲಿ ಕ್ರ್ಯಾಂಕು ಸೆಕೆಂಡಿಗೆ 9000 ಡಿಗ್ರಿ ತಿರುಗುವುದರಿಂದ 23 ಡಿಗ್ರಿಗೆ ಸಿಗುವ ಕಾಲ ಎರಡೂವರೆ ಮಿಲಿಸೆಕೆಂಡಿಗಿಂತ ತುಸು ಹೆಚ್ಚು.

ಸೀಮೆಯ ಡೀಸೆಲ್ ಬದುಕು

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಕೃಷಿ ನಿಂತದ್ದು ಮೊದಲು ಕೆರೆ ಮತ್ತು ತೆರೆದ ಬಾವಿಯ ಮೇಲೆ, ಆಮೇಲೆ ಕೊಳವೆಬಾವಿಯ ಮೇಲೆ. ಹಳ್ಳಿಗೆ ಕರೆಂಟು ಬರುವ ಮುನ್ನ ಬಾವಿಯ ದಡದ ಮೇಲೆ ಟಕಟಕ ಎನ್ನುತ್ತಿದ್ದ ಡೀಸೆಲ್ ಎಂಜಿನ್ನೇ ಎಷ್ಟೋ ರೈತರು ಕೈಯಿಟ್ಟು ಬಿಚ್ಚಿದ ಮೊದಲ ಯಂತ್ರ. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದ ಮೇಲೆ ನೀರೆತ್ತುವ ಕೆಲಸ ಸಬ್‌ಮರ್ಸಿಬಲ್ ಮೋಟಾರಿಗೆ ಹೋಯಿತು. ಡೀಸೆಲ್ ಮಾತ್ರ ಊರು ಬಿಡಲಿಲ್ಲ. ಕೊಳವೆಬಾವಿ ಕೊರೆಯುವ ಲಾರಿಯಲ್ಲಿ ಗಾಡಿ ಓಡಿಸುವ ಎಂಜಿನ್ ಒಂದು, ಕಂಪ್ರೆಸರ್ ತಿರುಗಿಸುವ ಎಂಜಿನ್ ಇನ್ನೊಂದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರತೊಡಗಿದರೂ ಕೊರೆಯುವುದು ನಿಂತಿಲ್ಲ.

ಉಳಿದದ್ದು ಸಾಗಣೆ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 15 ಕೆ.ಜಿ. ಬಾಕ್ಸುಗಳು ಹೊಲದಿಂದ ಟ್ರ್ಯಾಕ್ಟರ್ ಟ್ರೈಲರಿನಲ್ಲೋ ಹಳೆಯ ಟಾಟಾ 407 ಲಾರಿಯಲ್ಲೋ ಬಂದು, ಅಲ್ಲಿಂದ ದೊಡ್ಡ ಲಾರಿ ಏರಿ ಬೇರೆ ರಾಜ್ಯಗಳಿಗೆ ಹೋಗುತ್ತವೆ. ಶ್ರೀನಿವಾಸಪುರ ಮಾವಿನ ಊರು. ಅಲ್ಲಿಯ ತೋತಾಪುರಿ ಗಡಿ ದಾಟಿ ಚಿತ್ತೂರು ಕಡೆಯ ತಿರುಳಿನ ಕಾರ್ಖಾನೆಗಳಿಗೂ ಹೋಗುತ್ತದೆ. ಮಾಲೂರಿನದು ಇಟ್ಟಿಗೆ, ಹೆಂಚು, ತರಕಾರಿ, ಹೂವು. ಮುಳಬಾಗಿಲು ಕೂತಿರುವುದೇ ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ. ಹಿಂದೆ 4 ಎಂದಿದ್ದ ಆ ರಸ್ತೆಯ ಸಂಖ್ಯೆ ಈಗ 75. ನಂಗಲಿ ದಾಟಿ ಪಲಮನೇರು ಬಿಟ್ಟರೆ ಮೊಗಿಲಿ ಘಾಟು. ಲೋಡ್ ತುಂಬಿಕೊಂಡು ಚಿತ್ತೂರು ಕಡೆಯಿಂದ ಘಾಟು ಹತ್ತುವಾಗ ಟೈಮಿಂಗ್ ಸೋತ ಗಾಡಿ ಎರಡನೇ ಗೇರಿನಲ್ಲೇ ತನ್ನ ದೋಷ ಹೇಳಿಬಿಡುತ್ತದೆ.

ಮಾವು ಮತ್ತು ಟೊಮೆಟೊ ಎರಡೂ ಒಟ್ಟಿಗೆ ನುಗ್ಗುವ ಕಾಲ ಮೇಯಿಂದ ಜುಲೈ. ಆಗ ಪಂಪು ಬಿಚ್ಚಿ ಟೆಸ್ಟ್ ಬೆಂಚಿಗೆ ಕಳಿಸಿ ಎರಡು ದಿನ ಗಾಡಿ ನಿಲ್ಲಿಸಲು ಮಾಲೀಕ ಒಪ್ಪುವುದಿಲ್ಲ. ‘ಸದ್ಯಕ್ಕೆ ಟೈಮಿಂಗ್ ಸ್ವಲ್ಪ ಮುಂದಿಟ್ಟು ಕೊಡಿ ಮೇಸ್ತ್ರಿ, ಸೀಸನ್ ಮುಗೀಲಿ’ ಎಂಬ ಮಾತು ಹುಟ್ಟುವುದು ಅಲ್ಲಿ. ಮುಂದಿಡುವುದು ಅಂದರೆ ಇಂಧನ ಇನ್ನೂ ಬೇಗ ಬೀಳುವಂತೆ ಮಾಡುವುದು. ಈ ಸೀಮೆಯ ಹಳೆಯ ಎಂಜಿನ್ನುಗಳ ಅರ್ಧ ರೋಗಕ್ಕೆ ಆ ‘ಸ್ವಲ್ಪ ಮುಂದೆ’ ಎಂಬುದೇ ಮೂಲ ಎಂದರೆ ತಪ್ಪಾಗಲಾರದು.

ಪಂಪುಗಳು ಬಂದ ದಾರಿ

ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಇಂಧನವನ್ನು ಒಳಕ್ಕೆ ತಳ್ಳುತ್ತಿದ್ದದ್ದು ಒತ್ತಿದ ಗಾಳಿ. ಅದಕ್ಕೆ ಬೇಕಾದ ಕಂಪ್ರೆಸರಿನ ಭಾರದಿಂದ ಎಂಜಿನ್ನು ಕಾರ್ಖಾನೆ ಮತ್ತು ಹಡಗಿನಲ್ಲೇ ಉಳಿಯಿತು. ಜರ್ಮನಿಯ ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ಡೀಸೆಲ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಲಾರಿಗಳಲ್ಲಿ ಡೀಸೆಲ್ ಹರಡಿತು. ಅದೇ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತಾದರೂ ಕೋಲಾರದ ಕಡೆ ಪಂಪು ಇನ್ನೂ ‘ಮೈಕೋ ಪಂಪು’.

1954ರಲ್ಲಿ ಡೈಮ್ಲರ್-ಬೆಂಜ್ ಜೊತೆಗೂಡಿ ಲಾರಿ ಮಾಡತೊಡಗಿದ ಟಾಟಾ, 1969ರ ನಂತರ ತನ್ನ ಹೆಸರಿನಲ್ಲೇ ಮುಂದುವರಿದು 1986ರಲ್ಲಿ 407 ತಂದಿತು. ಟಾಟಾ ಎಂಜಿನ್ನುಗಳ ಸಂಖ್ಯೆಯಲ್ಲೇ ಅವುಗಳ ಗುರುತಿದೆ: 497 ಅಂದರೆ ನಾಲ್ಕು ಸಿಲಿಂಡರ್, 97 ಮಿ.ಮೀ. ಬೋರು. 697 ಅಂದರೆ ಆರು ಸಿಲಿಂಡರ್, ಅದೇ ಬೋರು. ಇವುಗಳ ಜೊತೆಗೆ ಅಶೋಕ್ ಲೇಲ್ಯಾಂಡಿನ ಲಾರಿ, ಮಹೀಂದ್ರ ಜೀಪು, ಮ್ಯಾಟಡಾರ್, ಡೀಸೆಲ್ ಅಂಬಾಸಿಡರ್, ಮೆಸ್ಸಿ ಮತ್ತು ಮಹೀಂದ್ರ ಟ್ರ್ಯಾಕ್ಟರುಗಳು ಈ ಸೀಮೆಯ ಶೆಡ್ಡುಗಳಿಗೆ ಅನ್ನ ಕೊಟ್ಟಿವೆ.

ಪಂಪಿನಲ್ಲಿ ಮೂರು ಜಾತಿ. ಒಂದು, ಸಿಲಿಂಡರಿಗೊಂದರಂತೆ ಪ್ಲಂಜರುಗಳು ಸಾಲಾಗಿ ನಿಂತು, ಕೆಳಗೆ ಸ್ವಂತ ಕ್ಯಾಮ್‌ಶಾಫ್ಟ್ ಇರುವ ಇನ್‌ಲೈನ್ ಪಂಪು. ಲಾರಿಗಳಲ್ಲಿ ಇದೇ ಹೆಚ್ಚು. ಎರಡು, ಒಂದೇ ಜಾಗದಲ್ಲಿ ಒತ್ತಡ ಹುಟ್ಟಿಸಿ ಸರದಿಯಂತೆ ಹಂಚುವ ರೋಟರಿ ಪಂಪು. ಸಿ.ಎ.ವಿ.ಯ ಡಿಪಿಎ, ಬಾಷ್‌ನ ವಿಇ ಈ ಬಗೆಯವು. ಮೂರು, ಸ್ವಂತ ಕ್ಯಾಮ್ ಇಲ್ಲದೆ ಎಂಜಿನ್ನಿನ ಕ್ಯಾಮಿನ ಮೇಲೆಯೇ ಕೂರುವ ಒಂಟಿ ಪಂಪು. ನೀರೆತ್ತುವ ಎಂಜಿನ್ನಿನದು ಇದು.

ಇನ್‌ಲೈನ್ ಪಂಪಿನ ಜೀವ ಇರುವುದು ಎಲಿಮೆಂಟಿನಲ್ಲಿ, ಅಂದರೆ ಪ್ಲಂಜರ್ ಮತ್ತು ಬ್ಯಾರೆಲ್ ಜೋಡಿಯಲ್ಲಿ. ಇವೆರಡರ ನಡುವಿನ ಸಂದು ಕೆಲವೇ ಮೈಕ್ರಾನ್. ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರೆಲಿಗೆ ಹಾಕುವಂತಿಲ್ಲ. ಪ್ಲಂಜರ್ ಮೇಲೇರುತ್ತ ಬ್ಯಾರೆಲಿನ ಪಕ್ಕದ ರಂಧ್ರವನ್ನು ಮುಚ್ಚಿದ ಕ್ಷಣ ಒತ್ತುವುದು ಶುರು. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಕಚ್ಚು ಅದೇ ರಂಧ್ರಕ್ಕೆ ಬಂದಾಗ ಡೀಸೆಲ್ ಹಿಂದಕ್ಕೆ ಹರಿದು ಒತ್ತುವುದು ಮುಗಿಯುತ್ತದೆ. ಆಕ್ಸಿಲರೇಟರ್ ತುಳಿದಾಗ ರ‍್ಯಾಕ್ ಪಟ್ಟಿ ಪ್ಲಂಜರನ್ನು ತಿರುಗಿಸುತ್ತದೆ, ಮುಗಿಯುವ ಗಳಿಗೆ ತಡವಾಗುತ್ತದೆ. ಶುರುವಿನ ಗಳಿಗೆ ಬದಲಾಗುವುದಿಲ್ಲ. ಟೈಮಿಂಗ್ ಇಡುವವನು ಹುಡುಕುವುದು ಈ ಬದಲಾಗದ ಬಿಂದುವನ್ನು, ರಂಧ್ರ ಮುಚ್ಚುವ ಕ್ಷಣವನ್ನು.

ಪಂಪು ಒತ್ತಿದ ಕ್ಷಣಕ್ಕೂ ಸಿಲಿಂಡರಿಗೆ ಇಂಧನ ಸಿಂಪಡಿಸುವ ನಾಜಲ್ ತೆರೆಯುವ ಕ್ಷಣಕ್ಕೂ ನಡುವೆ ಪೈಪಿದೆ. ಒತ್ತಡದ ಅಲೆ ಡೀಸೆಲಿನಲ್ಲಿ ಸೆಕೆಂಡಿಗೆ ಸುಮಾರು 1350 ಮೀಟರ್ ವೇಗದಲ್ಲಿ ಸಾಗುತ್ತದೆ. ಪೈಪು 70 ಸೆಂ.ಮೀ. ಉದ್ದವಿದ್ದರೆ ಅರ್ಧ ಮಿಲಿಸೆಕೆಂಡ್ ತಡ. 1500 ಸುತ್ತಿನಲ್ಲಿ ಅದು ನಾಲ್ಕೂವರೆ ಡಿಗ್ರಿ, 3000 ಸುತ್ತಿನಲ್ಲಿ ಒಂಬತ್ತು. ವೇಗ ಏರಿದಂತೆ ಟೈಮಿಂಗನ್ನು ತಾನಾಗಿ ಮುಂದಕ್ಕೆ ತಳ್ಳುವ ತೂಕದ ಗುಂಡುಗಳ ಟೈಮರ್ ಕೆಲವು ಪಂಪುಗಳ ಮುಂದೆ ಇರುವುದೂ, ಹತ್ತಿರದ ಸಿಲಿಂಡರಿನ ಪೈಪು ಸುಮ್ಮನೆ ಸುತ್ತಿಕೊಂಡಂತೆ ಕಂಡರೂ ಎಲ್ಲ ಪೈಪುಗಳ ಉದ್ದ ಸಮನಾಗಿರುವುದೂ ಇದರಿಂದಲೇ. ಒಡೆದ ಪೈಪಿನ ಬದಲಿಗೆ ಸಿಕ್ಕ ಅಳತೆಯದನ್ನು ಬಗ್ಗಿಸಿ ಹಾಕಿದರೆ ಆ ಒಂದು ಸಿಲಿಂಡರಿನ ಟೈಮಿಂಗ್ ಮಾತ್ರ ಹಾದಿ ತಪ್ಪುತ್ತದೆ. ಆಮೇಲೆ ಎಷ್ಟು ಹುಡುಕಿದರೂ ದೋಷ ಕೈಗೆ ಸಿಗದು.

ಟೈಮಿಂಗ್ ನೋಡುವ ಬಗೆ

ನಾಲ್ಕು ಸಿಲಿಂಡರಿನ ಲಾರಿಯಲ್ಲಿ ಕೆಲಸ ಹೀಗೆ ನಡೆಯುತ್ತದೆ. ಮೊದಲು ಒಂದನೇ ಸಿಲಿಂಡರನ್ನು ಒತ್ತುವ ಹಂತದ ತುದಿಗೆ ತರಬೇಕು. ಪ್ರತಿ ಆವೃತ್ತಿಯಲ್ಲಿ ಪಿಸ್ಟನ್ ತುದಿ ಮುಟ್ಟುವುದು ಎರಡು ಸಲ, ಒತ್ತುವಾಗ ಒಮ್ಮೆ, ಹೊಗೆ ಬಿಡುವಾಗ ಇನ್ನೊಮ್ಮೆ. ತಪ್ಪು ಸಲವನ್ನು ಹಿಡಿದು ಪಂಪು ಕೂರಿಸಿದರೆ ಗಾಡಿ ಸ್ಟಾರ್ಟೇ ಆಗದು. ಅನುಭವಸ್ಥರು ವಾಲ್ವ್ ಕವರ್ ತೆಗೆದು ನಾಲ್ಕನೇ ಸಿಲಿಂಡರನ್ನು ನೋಡುತ್ತಾರೆ. ಅದರ ಒಂದು ವಾಲ್ವ್ ಮುಚ್ಚುತ್ತ ಇನ್ನೊಂದು ತೆರೆಯುತ್ತಿದ್ದರೆ, ಒಂದನೆಯದು ಒತ್ತುವ ತುದಿಯಲ್ಲಿದೆ ಎಂದರ್ಥ. ಆಗ ಒಂದನೇ ಸಿಲಿಂಡರಿನ ಎರಡೂ ರಾಕರುಗಳು ಕೈಯಲ್ಲಿ ಅಲ್ಲಾಡುತ್ತವೆ.

ಆಮೇಲೆ ಪಂಪಿನ ಒಂದನೇ ಎಲಿಮೆಂಟಿನ ಪೈಪು ಬಿಚ್ಚಿ, ಪೈಪಿಗೆ ಡೀಸೆಲ್ ಬಿಡುವ ಡೆಲಿವರಿ ವಾಲ್ವ್ ಮತ್ತು ಅದರ ಸ್ಪ್ರಿಂಗನ್ನು ಹೊರತೆಗೆದು, ಅವುಗಳ ಹೋಲ್ಡರನ್ನು ಮತ್ತೆ ಬಿಗಿದು, ಮೇಲೆ ಹಂಸದ ಕೊರಳಿನಂತೆ ಬಗ್ಗಿದ ಸಣ್ಣ ಪೈಪು ಹಾಕುತ್ತಾರೆ. ರ‍್ಯಾಕನ್ನು ಪೂರ್ತಿ ಇಂಧನದ ಕಡೆಗಿಡಬೇಕು. ಕ್ರ್ಯಾಂಕನ್ನು ತುಸು ಹಿಂದಕ್ಕೆ ತಂದು, ಟ್ಯಾಂಕಿನಿಂದ ಡೀಸೆಲ್ ತರುವ ಫೀಡ್ ಪಂಪಿನ ಗುಂಡಿಯನ್ನು ಕೈಯಲ್ಲಿ ಒತ್ತುತ್ತಿದ್ದರೆ ಆ ಪೈಪಿನ ಬಾಯಿಂದ ಡೀಸೆಲ್ ಧಾರೆಯಾಗಿ ಬೀಳುತ್ತದೆ. ಈಗ ಕ್ರ್ಯಾಂಕನ್ನು ಅದು ಓಡುವ ದಿಕ್ಕಿಗೇ ನಿಧಾನವಾಗಿ ತಿರುಗಿಸುತ್ತ ಬರಬೇಕು. ಧಾರೆ ತೆಳುವಾಗುತ್ತದೆ, ಹನಿಯಾಗುತ್ತದೆ, ಒಂದು ಹನಿಗೂ ಮುಂದಿನ ಹನಿಗೂ ನಡುವೆ ಹತ್ತು ಹದಿನೈದು ಸೆಕೆಂಡ್ ಅಂತರ ಬೀಳುತ್ತದೆ. ರಂಧ್ರ ಮುಚ್ಚಿತು. ಕೈ ಅಲ್ಲೇ ನಿಲ್ಲಿಸಿ ಫ್ಲೈವೀಲಿನ ಅಥವಾ ಮುಂದಿನ ಪುಲ್ಲಿಯ ಗುರುತಿನಲ್ಲಿ ಎಷ್ಟು ಡಿಗ್ರಿ ಇದೆ ಎಂದು ಓದುವುದು. ಹನಿ ನಿಂತೇಹೋಗಿ ತಪ್ಪಿತೆಂದು ಕ್ರ್ಯಾಂಕನ್ನು ತುಸು ಹಿಂದಕ್ಕೆ ತಿರುಗಿಸಿ ಓದುವವರಿದ್ದಾರೆ. ಗೇರು ಹಲ್ಲುಗಳ ನಡುವಿನ ಸಡಿಲ ಲೆಕ್ಕಕ್ಕೆ ಸೇರಿ ಓದಿದ್ದು ಸುಳ್ಳಾಗುತ್ತದೆ. ತಪ್ಪಿದರೆ ಕಾಲು ಸುತ್ತು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೇ ಬರಬೇಕು.

ಸರಿಪಡಿಸಬೇಕಾದರೆ ಪಂಪಿನ ಫ್ಲೇಂಜಿನ ಅಥವಾ ಕಪ್ಲಿಂಗಿನ ಉದ್ದ ರಂಧ್ರದ ಬೋಲ್ಟುಗಳನ್ನು ಸಡಿಲಿಸುತ್ತಾರೆ. ಪಂಪಿನ ಶಾಫ್ಟ್ ತಿರುಗುವ ದಿಕ್ಕಿಗೆ ಎದುರಾಗಿ ಪಂಪಿನ ಮೈಯನ್ನು ತಿರುಗಿಸಿದರೆ ಅಡ್ವಾನ್ಸ್, ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್. ಇಲ್ಲೊಂದು ಲೆಕ್ಕ ಮರೆಯಬಾರದು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹೋದಾಗ ಪಂಪು ಒಂದು ಸುತ್ತು. ಹಾಗಾಗಿ ಪಂಪಿನಲ್ಲಿ ಒಂದು ಡಿಗ್ರಿ ಅಂದರೆ ಎಂಜಿನ್ನಿನಲ್ಲಿ ಎರಡು. ಬೋಲ್ಟು ನಡುಬಿಂದುವಿನಿಂದ 60 ಮಿ.ಮೀ. ದೂರವಿದ್ದರೆ ಫ್ಲೇಂಜನ್ನು ಬರೀ ಒಂದು ಮಿ.ಮೀ. ಸರಿಸಿದಾಗ ಟೈಮಿಂಗ್ ಎರಡು ಡಿಗ್ರಿ ಹೋಯಿತು. ಅದೇ 35 ಸೆಂ.ಮೀ. ವ್ಯಾಸದ ಫ್ಲೈವೀಲಿನ ಅಂಚಿನಲ್ಲಿ ಒಂದೊಂದು ಡಿಗ್ರಿಗೂ ಮೂರು ಮಿ.ಮೀ. ಜಾಗವಿದೆ. ಸುತ್ತಿಗೆಯಿಂದ ಪಂಪಿಗೆ ‘ಒಂದು ಕೂದಲೆಳೆ’ ತಟ್ಟಿ ಶಬ್ದ ಕೇಳುವವರು ಫ್ಲೈವೀಲ್ ನೋಡದಿದ್ದರೆ ಏನು ಮಾಡಿದೆವೆಂಬುದು ಅವರಿಗೇ ಗೊತ್ತಾಗುವುದಿಲ್ಲ.

ಕೋಲಾರ ಸೀಮೆಯ ಎಷ್ಟೋ ಶೆಡ್ಡುಗಳಲ್ಲಿ ಡೆಲಿವರಿ ವಾಲ್ವನ್ನು ತೆಗೆಯುವ ಗೋಜಿಗೇ ಹೋಗುವುದಿಲ್ಲ. ಪೈಪು ಬಿಚ್ಚಿ, ಹೋಲ್ಡರಿನ ಬಾಯಲ್ಲಿ ನಿಂತ ಡೀಸೆಲ್ ಯಾವಾಗ ಉಬ್ಬುತ್ತದೆಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಒಂದೆರಡು ಡಿಗ್ರಿ ವ್ಯತ್ಯಾಸ ಬರುತ್ತದೆ, ಏಕೆಂದರೆ ವಾಲ್ವ್ ಎದ್ದ ಮೇಲಷ್ಟೇ ಡೀಸೆಲ್ ಕದಲುತ್ತದೆ. ಹೆದ್ದಾರಿ ಬದಿಯಲ್ಲಿ, ಧೂಳಿನಲ್ಲಿ, ಡೆಲಿವರಿ ವಾಲ್ವನ್ನು ಬಿಚ್ಚಿ ಒಳಗೆ ಕಸ ಬೀಳಿಸುವುದಕ್ಕಿಂತ ಅದೇ ವಾಸಿ ಎನ್ನಬೇಕು. ಮಾಲೂರಿನ ಇಟ್ಟಿಗೆ ಗೂಡುಗಳ ಪಕ್ಕದ ಶೆಡ್ಡಿನಲ್ಲಂತೂ ಬಿಚ್ಚದಿರುವುದೇ ಬುದ್ಧಿವಂತಿಕೆ.

ಉಳಿದ ಪಂಪುಗಳ ವಿಚಾರ ಸುಲಭ. ಡಿಪಿಎ ಪಂಪಿನ ಪಕ್ಕದ ಸಣ್ಣ ಮುಚ್ಚಳ ತೆಗೆದರೆ ಒಳಗೆ ರೋಟರಿನ ಗೆರೆ ಕಾಣುತ್ತದೆ, ಅದು ಟೈಮಿಂಗ್ ರಿಂಗಿನ ತುದಿಗೆ ಕೂಡಬೇಕು. ವಿಇ ಪಂಪಿನ ಹಿಂಬದಿಯ ಪ್ಲಗ್ ತೆಗೆದು ಡಯಲ್ ಗೇಜ್ ಹಾಕಿ, ಪಿಸ್ಟನ್ ತುದಿಯಲ್ಲಿದ್ದಾಗ ಪ್ಲಂಜರ್ ಎಷ್ಟು ಎದ್ದಿದೆ ಎಂದು ಮಿ.ಮೀ.ನ ನೂರನೇ ಭಾಗದಲ್ಲಿ ಓದುತ್ತಾರೆ. ನೀರೆತ್ತುವ ಎಂಜಿನ್ನಿನ ಒಂಟಿ ಪಂಪಿಗೆ ತಿರುಗಿಸಲು ಏನೂ ಇಲ್ಲ, ಕೆಳಗೆ ತೆಳು ಶಿಮ್ಮುಗಳಿವೆ. ಒಂದು ತೆಗೆದರೆ ಪಂಪು ಕ್ಯಾಮಿಗೆ ಹತ್ತಿರವಾಗಿ ಟೈಮಿಂಗ್ ಮುಂದೆ ಬರುತ್ತದೆ, ಒಂದು ಸೇರಿಸಿದರೆ ಹಿಂದೆ ಹೋಗುತ್ತದೆ. ಪಂಪು ಬಿಚ್ಚಿದಾಗ ಈ ಶಿಮ್ಮುಗಳನ್ನು ಎಣಿಸಿಡದೆ ಕಳೆದವರು ಆಮೇಲೆ ಎಂಜಿನ್ನು ಒದೆಯುತ್ತದೆಂದು ದೂರುತ್ತಾರೆ.

ಇವೆಲ್ಲ ಒಂದನೇ ಸಿಲಿಂಡರಿನ ಮಾತಾಯಿತು. ನಾಲ್ಕು ಸಿಲಿಂಡರಿನ ಇನ್‌ಲೈನ್ ಪಂಪಿನಲ್ಲಿ ಉಳಿದ ಎಲಿಮೆಂಟುಗಳು ಪಂಪಿನ 90 ಡಿಗ್ರಿಗೊಮ್ಮೆ, ಆರು ಸಿಲಿಂಡರಿನದರಲ್ಲಿ 60 ಡಿಗ್ರಿಗೊಮ್ಮೆ ಒತ್ತಬೇಕು. ಇದನ್ನು ಗಾಡಿಯ ಮೇಲೆ ಸರಿಮಾಡಲಾಗದು, ಟೆಸ್ಟ್ ಬೆಂಚೇ ಬೇಕು. ಅಲ್ಲಿಯೇ ಪಂಪನ್ನು ಮೋಟಾರಿನಿಂದ ತಿರುಗಿಸಿ, ಒಂದೊಂದು ಎಲಿಮೆಂಟೂ ಬಿಡುವ ಡೀಸೆಲಿನ ಪ್ರಮಾಣವನ್ನೂ ಗಾಜಿನ ಕೊಳವೆಗಳಲ್ಲಿ ಹಿಡಿದು ಅಳೆಯುತ್ತಾರೆ.

ಲಕ್ಷಣಗಳು ಮತ್ತು ತಪ್ಪು ತಿಳಿವಳಿಕೆ

ಟೈಮಿಂಗ್ ಹಿಂದಾದ ಎಂಜಿನ್ನಿನ ಶಬ್ದ ಮೆತ್ತಗಿರುತ್ತದೆ, ಎಳೆತ ಇರುವುದಿಲ್ಲ. ಪಿಸ್ಟನ್ ಇಳಿಯುವಾಗ ಇಂಧನ ಉರಿಯುವುದರಿಂದ ಕಾವೆಲ್ಲ ಸೈಲೆನ್ಸರಿಗೆ ಹೋಗುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೆಳಗಿನ ಚಳಿಗೆ ಸ್ಟಾರ್ಟ್ ಮಾಡಿದಾಗ ಕಣ್ಣುರಿಸುವ ಬಿಳಿ ಹೊಗೆ ಬಿಡುತ್ತದೆ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಗಾಳಿ ತುಸು ತೆಳು, ಧನುರ್ಮಾಸದ ಬೆಳಗು ತಣ್ಣಗೆ. ಇಂಧನ ಹೊತ್ತಿಕೊಳ್ಳಲು ತಡವಾಗುವ ಎರಡೂ ಕಾರಣ ಅಲ್ಲಿ ಕೂಡಿರುವುದರಿಂದ ಬಿಳಿ ಹೊಗೆ ಬೇಗ ಕಾಣುತ್ತದೆ. ಟೈಮಿಂಗ್ ಮುಂದಾದರೆ ಕಟಕಟ ಎಂಬ ಒಣ ಹೊಡೆತ. ಇಂಧನ ಬಿದ್ದು ಕೂಡಿಕೊಂಡು ಒಮ್ಮೆಗೇ ಉರಿಯುವುದರಿಂದ ಸಿಲಿಂಡರಿನ ಒತ್ತಡ ಸಟ್ಟನೆ ಏರುತ್ತದೆ. ಪಿಕಪ್ ಮೊದಲಿಗೆ ಚುರುಕೆನಿಸುತ್ತದೆ, ಮಾಲೀಕ ಖುಷಿಯಾಗುತ್ತಾನೆ. ಹೆಡ್ ಗ್ಯಾಸ್ಕೆಟ್ಟು, ಬೇರಿಂಗು, ಪಿಸ್ಟನ್ ರಿಂಗು ಲೆಕ್ಕ ಒಪ್ಪಿಸುವುದು ತಿಂಗಳುಗಳ ಮೇಲೆ.

ಕಪ್ಪು ಹೊಗೆಯನ್ನು ಟೈಮಿಂಗಿನ ತಲೆಗೆ ಕಟ್ಟುವುದು ಅವಸರದ ತೀರ್ಮಾನ. ಅದು ಗಾಳಿ ಸಾಲದ್ದರಿಂದ ಅಥವಾ ಇಂಧನ ಹೆಚ್ಚಾದ್ದರಿಂದ ಬರುವುದು: ಧೂಳು ಕಟ್ಟಿದ ಏರ್ ಫಿಲ್ಟರ್, ಮೂತ್ರದಂತೆ ಸೋರುವ ನಾಜಲ್, ಇಂಧನದ ಗರಿಷ್ಠ ಮಿತಿ ಗೊತ್ತುಮಾಡುವ, ಯಾರೋ ತಿರುಗಿಸಿಟ್ಟ ಫುಲ್ ಲೋಡ್ ಸ್ಕ್ರೂ. ಎಳೆತವಿಲ್ಲ ಎಂದರೆ ಮೊದಲು ಡೀಸೆಲ್ ಫಿಲ್ಟರ್, ಆಮೇಲೆ ಏರ್ ಹಿಡಿದಿದೆಯೇ ಎಂಬುದು, ಆಮೇಲೆ ನಾಜಲ್ ತೆರೆಯುವ ಒತ್ತಡ. ಪಂಪಿನ ಕೋನಕ್ಕೆ ಕೈ ಹಾಕುವುದು ಕೊನೆಗೆ. ಓಡುತ್ತಿರುವ ಗಾಡಿಯ ಟೈಮಿಂಗ್ ಕಾರಣವಿಲ್ಲದೆ ಬದಲಾಗುವುದಿಲ್ಲ. ಕಪ್ಲಿಂಗ್ ಜಾರಿರಬೇಕು, ಟೈಮಿಂಗ್ ಗೇರು ಅಥವಾ ಟ್ಯಾಪೆಟ್ ಸವೆದಿರಬೇಕು, ಇಲ್ಲವೇ ಯಾರಾದರೂ ಪಂಪು ಬಿಚ್ಚಿರಬೇಕು. ಸವೆದ ಎಲಿಮೆಂಟಿನ ಸೋರಿಕೆಯನ್ನು ಟೈಮಿಂಗ್ ಮುಂದಿಟ್ಟು ಮುಚ್ಚುವುದೇ ಸೀಸನ್ನಿನಲ್ಲಿ ಮಾಲೀಕ ಕೇಳುವ ಆ ‘ಸ್ವಲ್ಪ ಮುಂದೆ’. ಡೀಸೆಲಿಗೆ ಸೀಮೆಎಣ್ಣೆ ಬೆರೆಸಿ ಓಡಿಸಿದ ಗಾಡಿಗಳಲ್ಲಿ ಈ ಸವೆತ ಬೇಗ, ಏಕೆಂದರೆ ಪ್ಲಂಜರಿಗೆ ಡೀಸೆಲಿನ ಜಿಡ್ಡೇ ಆಯಿಲ್.

ಒಂದು ಎಚ್ಚರಿಕೆ ಇಲ್ಲಿಯೇ ಸಲ್ಲಬೇಕು. ನಾಜಲಿನಿಂದ 200 ಬಾರ್ ಒತ್ತಡದಲ್ಲಿ ಹೊಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗಿಳಿಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಕಡಿಮೆ. ಒಳಗೆ ಮಾಂಸ ಕೊಳೆತು ಬೆರಳು ಹೋಗುವ ಅಪಾಯವಿದೆ. ಸ್ಪ್ರೇ ನೋಡಲು ಅಂಗೈ ಒಡ್ಡುವುದು ಹಳೆಯ ಚಟ. ತಾಗಿದರೆ ಆ ಗಳಿಗೆಯೇ ದೊಡ್ಡಾಸ್ಪತ್ರೆಗೆ ಹೋಗಿ ‘ಡೀಸೆಲ್ ಒಳಗೆ ಹೋಗಿದೆ’ ಎಂದೇ ಹೇಳಬೇಕು.

ಹೊಗೆ ತಪಾಸಣೆ ಮತ್ತು ಮುಂದಿನ ಪಂಪುಗಳು

ಭಾರತ್ ಸ್ಟೇಜ್ (ಬಿಎಸ್) 4 ಹೊಗೆ ನಿಯಮಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಕೇಂದ್ರ ಮೋಟಾರು ವಾಹನ ನಿಯಮಗಳು ಒಪ್ಪುವ ಹೊಗೆ 65 ಹಾರ್ಟ್ರಿಜ್ ಯೂನಿಟ್. ನಿಂತಲ್ಲೇ ಆಕ್ಸಿಲರೇಟರನ್ನು ಪೂರ್ತಿ ತುಳಿದು ಅಳೆಯುವ ಈ ಪರೀಕ್ಷೆಗೆ ಮುನ್ನ ಫುಲ್ ಲೋಡ್ ಸ್ಕ್ರೂ ತಿರುಗಿಸಿ ಇಂಧನ ಇಳಿಸಿ, ಸರ್ಟಿಫಿಕೇಟ್ ಸಿಕ್ಕ ಮೇಲೆ ಏರಿಸುವ ಉಪಾಯ ಎಲ್ಲರಿಗೂ ಗೊತ್ತು. ಮಸಿ ಮಾತ್ರ ಅಳೆಯುವ ಆ ಯಂತ್ರಕ್ಕೆ ಟೈಮಿಂಗ್ ಮುಂದಿಟ್ಟಾಗ ಹೆಚ್ಚುವ ನೈಟ್ರೋಜನ್ ಆಕ್ಸೈಡುಗಳು ಕಾಣುವುದೇ ಇಲ್ಲ. ಹೊಗೆಯ ನಿಯಮಗಳು ಬಿಗಿಯಾದಂತೆ ತಯಾರಕರು ಟೈಮಿಂಗನ್ನು ಹಿಂದಕ್ಕೆ ತಂದು ಇಂಧನದ ಒತ್ತಡವನ್ನು ಏರಿಸಿದರು. ಹಾಗಾಗಿ ಒಂದೇ ಹೆಸರಿನ ಎಂಜಿನ್ನಿನ ಹಳೆಯ ಮಾದರಿಗೂ ಹೊಸ ಮಾದರಿಗೂ ಡಿಗ್ರಿ ಬೇರೆ. ಬಾಯಿಂದ ಬಾಯಿಗೆ ಬಂದ ಅಂಕಿಗಿಂತ ಪಂಪಿನ ಮೇಲಿನ ತಗಡು ಮತ್ತು ಆ ಮಾದರಿಯ ಪುಸ್ತಕ ನಂಬಲರ್ಹ.

2020ರ ಏಪ್ರಿಲ್ 1ರಿಂದ ದೇಶವಿಡೀ ಜಾರಿಯಾದ ಬಿಎಸ್ 6 ನಿಯಮದ ಡೀಸೆಲ್ ವಾಹನಗಳಲ್ಲಿ ಕಾಮನ್ ರೈಲ್ ವ್ಯವಸ್ಥೆಯಿದೆ. ಒತ್ತಡ ಹುಟ್ಟಿಸುವುದಷ್ಟೇ ಪಂಪಿನ ಕೆಲಸ. ಇಂಧನ ಯಾವಾಗ, ಎಷ್ಟು ಬೀಳಬೇಕೆಂಬುದನ್ನು ಸೆನ್ಸರುಗಳನ್ನು ಕೇಳಿ ಕಂಪ್ಯೂಟರ್ ತೀರ್ಮಾನಿಸುತ್ತದೆ. ಅಲ್ಲಿ ಮೇಸ್ತ್ರಿ ಸಡಿಲಿಸುವ ಬೋಲ್ಟು ಇಲ್ಲ, ಸ್ಕ್ಯಾನರ್ ಬೇಕು. ಟ್ರ್ಯಾಕ್ಟರಿನ ಕಥೆ ಬೇರೆ. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ಬಂದ ಹೊಸ ಹೊಗೆ ನಿಯಮ ಅದಕ್ಕಿಂತ ಸಣ್ಣವನ್ನು ಮುಟ್ಟಲಿಲ್ಲ. ಕೋಲಾರದ ಹಿಡುವಳಿಗಳಿಗೆ ಕೊಳ್ಳುವ ಟ್ರ್ಯಾಕ್ಟರ್ ಹೆಚ್ಚಾಗಿ ಆ ಸಣ್ಣ ವರ್ಗದ್ದೇ, ಅದರ ಬಾನೆಟ್ಟಿನ ಕೆಳಗೆ ಪ್ಲಂಜರು, ರ‍್ಯಾಕು, ಉದ್ದ ರಂಧ್ರದ ಫ್ಲೇಂಜು ಇರುವ ಪಂಪೇ ಬರುತ್ತಿತ್ತು.